ವಿಲೀನಕ್ಕೆ ಎಲ್ಲರ ಸಹಿ, ಪ್ರಯಾಣಿಕನದೊಂದು ಬಿಟ್ಟು

ಶಿವಾಜಿನಗರದ ಕಡೆಯಿಂದ ಬಂದು ಕನ್ನಿಂಗ್‌ಹ್ಯಾಂ ರಸ್ತೆಗೆ ಹೊರಳಿದರೆ ಒಂದು ಕಾಲಕ್ಕೆ ಏರ್ ಡೆಕ್ಕನ್‌ನ ಕಚೇರಿ ಸಿಗುತ್ತಿತ್ತು. ಅಲ್ಲಿಂದ ಕಬ್ಬನ್ ಪಾರ್ಕ್ ಬಳಸಿಕೊಂಡು ವಿಠಲ್ ಮಲ್ಯ ರಸ್ತೆಗೆ ಬಂದರೆ ಯುಬಿ ಟವರ್, ಕಿಂಗ್‌ಫಿಷರ್ ಏರ್‌ಲೈನ್ಸ್‌ನ ನೋಂದಾಯಿತ ವಿಳಾಸ. ಇವೆರಡರ ನಡುವೆ, ಪಾರ್ಕಿನ ಅಂಚಿಗೆ, ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಹೈಕೋರ್ಟ್. ದೇಶದ ಎರಡು ದೊಡ್ಡ ಖಾಸಗಿ ವಿಮಾನ ಕಂಪನಿಗಳು 2007-08ರಲ್ಲಿ ಒಂದಾದ ಕಥೆಯ ಮುಖ್ಯ ಅಧ್ಯಾಯಗಳೆಲ್ಲ ಈ ಮೂರು ಕಟ್ಟಡಗಳ ನಡುವೆಯೇ ನಡೆದವು. ಆ ಕಂಪನಿಗಳ ವಿಮಾನ ಏರುತ್ತಿದ್ದವರು ಮಾತ್ರ ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದರು: ಹಲಸೂರು, ದೊಮ್ಮಲೂರು ದಾಟಿ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ. ವಿಲೀನದ ಕಡತದಲ್ಲಿ ಷೇರುದಾರರಿದ್ದರು, ಸಾಲ ಕೊಟ್ಟವರಿದ್ದರು, ಸರ್ಕಾರವಿತ್ತು, ನ್ಯಾಯಾಲಯವಿತ್ತು. ದೊಮ್ಮಲೂರಿನ ಕಡೆಗೆ ಆಟೊ ಹತ್ತಿದವರ ಪ್ರಸ್ತಾಪ ಅದರಲ್ಲಿ ಎಲ್ಲೂ ಬರಬೇಕಾಗಿರಲಿಲ್ಲ. ಕಾನೂನು ಅದನ್ನು ಕೇಳಿಯೇ ಇರಲಿಲ್ಲ.

ಟಾಟಾ ಸಮೂಹ ಏರ್ ಇಂಡಿಯಾ, ವಿಸ್ತಾರ, ಏರ್‌ಏಷ್ಯಾ ಇಂಡಿಯಾ ಎಲ್ಲವನ್ನೂ ಒಂದೇ ಸೂರಿನಡಿ ತಂದು ಮುಗಿಸಿರುವಾಗ ಈ ಹಳೆಯ ಕಡತವನ್ನು ತೆರೆದು ನೋಡಲು ಕಾರಣವಿದೆ. ಆಗ ಕೇಳುವವರೇ ಇರಲಿಲ್ಲ. ಈಗ ಕೇಳಲೆಂದೇ ದೆಹಲಿಯಲ್ಲಿ ಸ್ಪರ್ಧಾ ಆಯೋಗವಿದೆ. ಅದು ಯಾರನ್ನು ಕೇಳುತ್ತಿದೆ ಎಂಬುದು ಪ್ರಶ್ನೆ.

ಏರ್ ಡೆಕ್ಕನ್ ಹುಟ್ಟಿದ್ದು 2003ರ ಆಗಸ್ಟ್‌ನಲ್ಲಿ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆಯಲ್ಲಿದ್ದವರು, ಬಾಂಗ್ಲಾ ಯುದ್ಧ ಕಂಡವರು, ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದವರು. 1997ರಲ್ಲಿ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಶುರುಮಾಡಿ, ಅದೇ ಕಂಪನಿಯ ಅಡಿಯಲ್ಲಿ ಎಟಿಆರ್ ವಿಮಾನಗಳನ್ನು ತಂದು ಸಣ್ಣ ಊರುಗಳಿಗೆ ಹಾರಿಸಿದರು. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನೇ ಕಂಪನಿಯ ಗುರುತಾಗಿ ಇಟ್ಟುಕೊಂಡರು. ಊಟ ಇಲ್ಲ, ನೀರಿಗೂ ದುಡ್ಡು, ಸೀಟಿನ ನಂಬರ್ ಇಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಒಂದು ರೂಪಾಯಿ ಟಿಕೆಟ್ಟಿನ ಜಾಹೀರಾತು ನೋಡಿ (ತೆರಿಗೆ ಬೇರೆ, ಅದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ) ಜೀವನದಲ್ಲಿ ಮೊದಲ ಬಾರಿ ವಿಮಾನ ಹತ್ತಿದವರು ಕೆ.ಆರ್. ಪುರದಲ್ಲೂ ಇದ್ದರು, ಹುಬ್ಬಳ್ಳಿಯಲ್ಲೂ ಇದ್ದರು. ವಿಮಾನ ತಡವಾಗುವುದು ಮಾಮೂಲು. ಬೈದುಕೊಂಡೇ ಮುಂದಿನ ಬಾರಿಯೂ ಅದರಲ್ಲೇ ಬುಕ್ ಮಾಡುತ್ತಿದ್ದರು, ಏಕೆಂದರೆ ಆ ದರಕ್ಕೆ ಇನ್ನೊಬ್ಬರು ಇರಲಿಲ್ಲ.

ಆ ದರದ ಪರಿಣಾಮ ಡೆಕ್ಕನ್ ಹತ್ತದವರಿಗೂ ತಟ್ಟುತ್ತಿತ್ತು ಎಂಬುದನ್ನು ಮರೆಯಬಾರದು. ಒಂದು ಮಾರ್ಗದಲ್ಲಿ ಅಗ್ಗದ ಕಂಪನಿಯೊಂದು ಕಾಲಿಟ್ಟರೆ ಉಳಿದವರೂ ಕೆಲವು ಸೀಟುಗಳ ಬೆಲೆ ಇಳಿಸಲೇಬೇಕಾಗುತ್ತದೆ. ಜೆಟ್ ಏರ್‌ವೇಸ್‌ನಲ್ಲಿ ಆರಾಮಾಗಿ ಕುಳಿತು ದೆಹಲಿಗೆ ಹೋಗುತ್ತಿದ್ದ ಇಂದಿರಾನಗರದ ಕಂಪನಿ ಅಧಿಕಾರಿಯ ಟಿಕೆಟ್ ಬೆಲೆಯ ಮೇಲೂ ಡೆಕ್ಕನ್‌ನ ನೆರಳು ಬಿದ್ದಿತ್ತು. ಸ್ಪರ್ಧೆ ಎಂದರೆ ಇದೇ. ಇದು ಕಂಪನಿಯ ಆಸ್ತಿಪಟ್ಟಿಯಲ್ಲಿ ಎಲ್ಲೂ ನಮೂದಾಗುವುದಿಲ್ಲ, ಕಂಪನಿ ಮಾರಾಟವಾದಾಗ ಸದ್ದಿಲ್ಲದೆ ಹೋಗಿಬಿಡುತ್ತದೆ.

ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಪ್ರತಿ ಸೀಟಿಗೂ ಟಿವಿ, ಬಿಸಿ ಊಟ, ಪ್ರಯಾಣಿಕರನ್ನು ‘ಅತಿಥಿ’ ಎಂದು ಕರೆಯುವ ಶೈಲಿ. ಅದಕ್ಕೂ ಲಾಭವಿರಲಿಲ್ಲ, ಡೆಕ್ಕನ್‌ಗೂ ಇರಲಿಲ್ಲ. ಡೆಕ್ಕನ್ 2006ರ ಮೇನಲ್ಲಿ ಷೇರು ಬಿಡುಗಡೆ ಮಾಡಿದಾಗ ಪೇಟೆ ಕುಸಿಯುತ್ತಿತ್ತು, ಷೇರು ಕೊಳ್ಳುವವರನ್ನು ಹುಡುಕುವುದೇ ಕಷ್ಟವಾಯಿತು. ಮರುವರ್ಷ, 2007ರ ಮೇ ಕೊನೆಗೆ, ಮಲ್ಯ ಅವರ ಯುಬಿ ಸಮೂಹ ಷೇರಿಗೆ 155 ರೂಪಾಯಿಯಂತೆ ಸುಮಾರು 550 ಕೋಟಿ ಕೊಟ್ಟು ಡೆಕ್ಕನ್ ಏವಿಯೇಷನ್‌ನ ಶೇ 26ರಷ್ಟು ಪಾಲು ಖರೀದಿಸಿತು. ಸೆಬಿ ನಿಯಮದಂತೆ ಸಾರ್ವಜನಿಕ ಷೇರುದಾರರಿಂದ ಇನ್ನೂ ಶೇ 20 ಕೊಳ್ಳುವ ಕೊಡುಗೆಯೂ ಬಂತು. ಅದೇ ವರ್ಷ ‘ಏರ್ ಡೆಕ್ಕನ್’ ಹೋಗಿ ‘ಸಿಂಪ್ಲಿಫ್ಲೈ ಡೆಕ್ಕನ್’ ಆಯಿತು, ಶ್ರೀಸಾಮಾನ್ಯನ ಜಾಗಕ್ಕೆ ಮಿಂಚುಳ್ಳಿ ಹಕ್ಕಿ ಬಂದು ಕುಳಿತಿತು. ಡಿಸೆಂಬರ್ ಹೊತ್ತಿಗೆ ವಿಲೀನದ ತೀರ್ಮಾನವೂ ಹೊರಬಿತ್ತು.

ಇಲ್ಲಿ ಒಂದು ತಮಾಷೆಯಿದೆ. ದುಡ್ಡು ಕೊಟ್ಟು ಕೊಂಡವರು ಮಲ್ಯ, ಆದರೆ ದಾಖಲೆಯ ಪ್ರಕಾರ ಕಿಂಗ್‌ಫಿಷರ್‌ನ ವಿಮಾನಯಾನ ವಹಿವಾಟು ಡೆಕ್ಕನ್ ಏವಿಯೇಷನ್‌ನೊಳಗೆ ಸೇರಿತು. ಕಾಗದದ ಮೇಲೆ ಮೀನೇ ಮಿಂಚುಳ್ಳಿಯನ್ನು ನುಂಗಿತು. ನಂತರ ಡೆಕ್ಕನ್ ಏವಿಯೇಷನ್ ತನ್ನ ಹೆಸರನ್ನು ಕಿಂಗ್‌ಫಿಷರ್ ಏರ್‌ಲೈನ್ಸ್ ಎಂದು ಬದಲಿಸಿಕೊಂಡಿತು. ಇಷ್ಟು ಸುತ್ತಿ ಬಳಸಿ ಬರಲು ಕಾರಣ ‘5/20’ ಎಂಬ ಆಗಿನ ಸರ್ಕಾರಿ ನಿಯಮ: ಐದು ವರ್ಷ ದೇಶದೊಳಗೆ ಹಾರಾಡಿ, 20 ವಿಮಾನ ಹೊಂದಿದ್ದರೆ ಮಾತ್ರ ವಿದೇಶಕ್ಕೆ ಹಾರಲು ಅನುಮತಿ. ಕಿಂಗ್‌ಫಿಷರ್ ಕಾಯುತ್ತ ಕುಳಿತರೆ 2010ರ ಮೇ ಆಗುತ್ತಿತ್ತು. ಡೆಕ್ಕನ್‌ಗೆ ಐದು ವರ್ಷ ತುಂಬುತ್ತಿದ್ದುದು 2008ರ ಆಗಸ್ಟ್‌ಗೆ. ತುಂಬಿದ ಕೂಡಲೇ, ಸೆಪ್ಟೆಂಬರ್ 3ರಂದು, ಬೆಂಗಳೂರಿನಿಂದ ಲಂಡನ್‌ಗೆ ಕಿಂಗ್‌ಫಿಷರ್‌ನ ಮೊದಲ ಅಂತರರಾಷ್ಟ್ರೀಯ ವಿಮಾನ ಹಾರಿತು. ಅಗ್ಗದ ದರದ ಕಂಪನಿಯೊಂದರ ವಯಸ್ಸನ್ನು ದುಬಾರಿ ಕಂಪನಿಯೊಂದು ಎರವಲು ಪಡೆದಿತ್ತು.

ಇದನ್ನೆಲ್ಲ ಒಪ್ಪಿದವರು ಯಾರು? ಕಂಪನಿ ಕಾನೂನಿನ ಪ್ರಕಾರ ಎಲ್ಲವೂ ಕ್ರಮಬದ್ಧವಾಗಿತ್ತು. 1956ರ ಕಂಪನಿ ಕಾಯ್ದೆಯ 391ರಿಂದ 394ರವರೆಗಿನ ಸೆಕ್ಷನ್‌ಗಳಡಿ ಷೇರುದಾರರ ಸಭೆ, ಸಾಲ ಕೊಟ್ಟವರ ಸಭೆ, ಮೌಲ್ಯದಲ್ಲಿ ನಾಲ್ಕನೇ ಮೂರರಷ್ಟು ಪಾಲು ಹೊಂದಿದವರ ಸಮ್ಮತಿ, ಕೇಂದ್ರ ಸರ್ಕಾರಕ್ಕೆ ನೋಟಿಸ್, ಷೇರುಪೇಟೆಗಳ ಒಪ್ಪಿಗೆ. ಕೊನೆಗೆ 2008ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಮುದ್ರೆ. ಇಂಥ ಅರ್ಜಿಗಳಲ್ಲಿ ನ್ಯಾಯಾಲಯ ನೋಡಬೇಕಾದ್ದು ಏನು ಎಂಬುದನ್ನು ಸುಪ್ರೀಂ ಕೋರ್ಟ್ 1996ರ ಮಫತ್‌ಲಾಲ್ ಪ್ರಕರಣದಲ್ಲಿಯೇ ಹೇಳಿತ್ತು. ವಿಧಿವಿಧಾನ ಸರಿಯಾಗಿ ನಡೆದಿದೆಯೇ, ಯೋಜನೆ ಕಾನೂನಿಗೂ ಸಾರ್ವಜನಿಕ ನೀತಿಗೂ ವಿರುದ್ಧವಾಗಿಲ್ಲವೇ ಎಂಬುದನ್ನು ನೋಡಬೇಕು. ವ್ಯಾಪಾರಿಗಳ ಜಾಣತನವನ್ನು ನ್ಯಾಯಾಧೀಶರು ಅಳೆಯಲು ಹೋಗಬಾರದು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಟಿಕೆಟ್ ದರ ಏನಾಗುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲವೆಂದರೆ ಅದು ನ್ಯಾಯಾಲಯದ ತಪ್ಪಲ್ಲ. ಆ ಪ್ರಶ್ನೆ ಕೇಳಬೇಕಾದ ಸಂಸ್ಥೆ ಬೇರೆ ಇತ್ತು.

ಸ್ಪರ್ಧಾ ಆಯೋಗ ಇತ್ತು, ಆದರೆ ನಿದ್ದೆಯಲ್ಲಿತ್ತು. ಸ್ಪರ್ಧಾ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2002ರಲ್ಲಿ. ಸುಪ್ರೀಂ ಕೋರ್ಟ್‌ನಲ್ಲಿ ಅದರ ಸಿಂಧುತ್ವ ಪ್ರಶ್ನಿಸಲಾಯಿತು, 2007ರಲ್ಲಿ ತಿದ್ದುಪಡಿಯಾಯಿತು, ಮಾರುಕಟ್ಟೆ ದುರುಪಯೋಗ ತಡೆಯುವ ಸೆಕ್ಷನ್‌ಗಳು ಜಾರಿಗೆ ಬಂದದ್ದು 2009ರ ಮೇ 20ಕ್ಕೆ, ವಿಲೀನಗಳನ್ನು ಪರಿಶೀಲಿಸುವ ಅಧಿಕಾರ ಕೈಗೆ ಬಂದದ್ದು 2011ರ ಜೂನ್ 1ಕ್ಕೆ. ಹಳೆಯ ಎಂಆರ್‌ಟಿಪಿ ಕಾಯ್ದೆಯಲ್ಲಿ ವಿಲೀನಕ್ಕೆ ಮುಂಚಿತ ಅನುಮತಿ ಪಡೆಯಬೇಕೆಂಬ ಷರತ್ತನ್ನು ಉದಾರೀಕರಣದ ಜೊತೆಗೆ 1991ರಲ್ಲೇ ಕಿತ್ತುಹಾಕಲಾಗಿತ್ತು. ಲೆಕ್ಕ ಹಾಕಿ: ಇಪ್ಪತ್ತು ವರ್ಷ ಈ ದೇಶದಲ್ಲಿ ಯಾರು ಯಾರನ್ನು ಕೊಂಡರೂ, ಅದರಿಂದ ಗ್ರಾಹಕನಿಗೆ ಏನಾಗುತ್ತದೆಂದು ಕೇಳುವ ಅಧಿಕಾರಿ ಇರಲಿಲ್ಲ. ಆ ಬಾಗಿಲು ತೆರೆದಿದ್ದಾಗಲೇ ವಿಮಾನಯಾನದ ಮೂರು ದೊಡ್ಡ ವಿಲೀನಗಳು ನುಸುಳಿ ಹೋದವು. ಜೆಟ್ ಏರ್‌ವೇಸ್ 2007ರಲ್ಲಿ 1,450 ಕೋಟಿಗೆ ಸಹಾರಾವನ್ನು ಕೊಂಡಿತು. ಅದೇ ವರ್ಷ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಅದು ಸರಿಯಾದ ಹೊತ್ತಲ್ಲ ಎಂದು ಸಿಎಜಿ ಆಮೇಲೆ ಹೇಳಿತು. ಮೂರನೆಯದು ನಮ್ಮ ಕನ್ನಿಂಗ್‌ಹ್ಯಾಂ ರಸ್ತೆಯದು. ಕಿಂಗ್‌ಫಿಷರ್–ಡೆಕ್ಕನ್ ಜೋಡಿಯ ಪಾಲು ದೇಶೀ ಮಾರುಕಟ್ಟೆಯ ಮೂರನೇ ಒಂದು ಭಾಗದ ಹತ್ತಿರಕ್ಕೆ ಬಂದಿತ್ತು.

ವಿಲೀನವಾದ ಮೇಲೆ ಡೆಕ್ಕನ್ ‘ಕಿಂಗ್‌ಫಿಷರ್ ರೆಡ್’ ಆಯಿತು. ಒಂದು ರೂಪಾಯಿ ಟಿಕೆಟ್ಟಿನ ಕಾಲ ಮುಗಿಯಿತು. 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು, ಆ ಬಳಿಕ ಜಗತ್ತಿನ ಹಣಕಾಸು ವ್ಯವಸ್ಥೆಯೇ ಕುಸಿಯಿತು. ದರ ಏರಿಕೆಯ ಹೊಣೆಯನ್ನೆಲ್ಲ ವಿಲೀನದ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ನಿನ್ನೆಮೊನ್ನೆವರೆಗೆ ಹಾವು ಮುಂಗುಸಿಯಂತಿದ್ದ ಜೆಟ್ ಮತ್ತು ಕಿಂಗ್‌ಫಿಷರ್, ಟಿಕೆಟ್ ಮಾರಾಟದಿಂದ ಇಂಧನ ಖರೀದಿಯವರೆಗೆ ಕೈಜೋಡಿಸುವುದಾಗಿ ಘೋಷಿಸಿದವು. ಆಗಷ್ಟೇ ಕಣ್ಣು ಬಿಟ್ಟಿದ್ದ ಸ್ಪರ್ಧಾ ಆಯೋಗ ವಿಚಾರಣೆಗೆ ಮುಂದಾದಾಗ, ಒಪ್ಪಂದ ಆಗಿದ್ದು ಕಾಯ್ದೆ ಜಾರಿಯಾಗುವ ಮೊದಲು, ಆಯೋಗಕ್ಕೆ ಅಧಿಕಾರವಿಲ್ಲ ಎಂದು ಕಿಂಗ್‌ಫಿಷರ್ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಒಪ್ಪಂದ ಈಗಲೂ ನಡೆಯುತ್ತಿದ್ದರೆ ಆಯೋಗ ನೋಡಬಹುದು ಎಂದು 2010ರ ಮಾರ್ಚ್‌ನಲ್ಲಿ ಆ ಹೈಕೋರ್ಟ್ ಹೇಳಿತು. ತತ್ವ ಗೆದ್ದಿತು, ಅಷ್ಟೆ. ದಂಡದವರೆಗೆ ವಿಷಯ ಹೋಗಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2008-09ರಲ್ಲಿ 1,600 ಕೋಟಿ ರೂಪಾಯಿಗೂ ಹೆಚ್ಚು ನಷ್ಟ. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಷೇರಿಗೆ 64 ರೂಪಾಯಿ 48 ಪೈಸೆಯಂತೆ, ಅಂದರೆ ಪೇಟೆಯ ಬೆಲೆಗಿಂತ ಶೇ 60ಕ್ಕೂ ಹೆಚ್ಚು ಕೊಟ್ಟು, ಪಾಲಾಗಿ ಬದಲಿಸಿಕೊಂಡವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ರೆಡ್ ಮುಚ್ಚುವ ಘೋಷಣೆ ಬಂತು: ಡೆಕ್ಕನ್‌ನ ಉಳಿದಿದ್ದ ಕೊನೆಯ ಕುರುಹು. ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ 2010ರ ಅಕ್ಟೋಬರ್‌ನಲ್ಲಿ ಆರಂಭವಾಗಿದ್ದ ಕಿಂಗ್‌ಫಿಷರ್ ವಿಮಾನ ವರ್ಷ ಕಳೆದ ಸ್ವಲ್ಪದರಲ್ಲೇ ನಿಂತಿತು, ಕಟ್ಟಿದ ಹೊಸ ಟರ್ಮಿನಲ್ ಖಾಲಿ ಹೊಡೆಯಿತು. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರ್‌ಗಳು, ಪೈಲಟ್‌ಗಳು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರ್ 20ರಂದು ಡಿಜಿಸಿಎ ಪರವಾನಗಿ ಅಮಾನತು ಮಾಡಿತು. ಸ್ಟೇಟ್ ಬ್ಯಾಂಕ್ ನೇತೃತ್ವದ ಕೂಟದ ಸಾಲ ಬಡ್ಡಿ ಸೇರಿ 9,000 ಕೋಟಿಯ ಹತ್ತಿರ ಬೆಳೆಯಿತು. ಆ ಕೂಟದಲ್ಲಿ ನಮ್ಮದೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಇತ್ತು, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಇತ್ತು. 2016ರ ಮಾರ್ಚ್ 2ರಂದು ಮಲ್ಯ ದೇಶ ಬಿಟ್ಟರು. ವಿಲೀನದ ಕಾನೂನು ಯಾರ ಹಿತ ಕಾಯಲೆಂದು ಸಭೆಗಳ ಮೇಲೆ ಸಭೆ ಕರೆಸಿತ್ತೋ, ಆ ಷೇರುದಾರರೂ ಸಾಲ ಕೊಟ್ಟವರೂ ಅಂದು ಬರಿಗೈಯಲ್ಲಿ ನಿಂತರು. ಕೇಳಿಸಿಕೊಂಡವರಿಗೇ ಈ ಗತಿಯಾದರೆ ಕೇಳಿಸಿಕೊಳ್ಳದವರ ಪಾಡು ಬೇರೆ ಹೇಳಬೇಕೆ?

ಸ್ಪರ್ಧಾ ಆಯೋಗ 2008ರಲ್ಲಿ ಎಚ್ಚರವಾಗಿದ್ದರೆ ಈ ವಿಲೀನ ನಿಲ್ಲುತ್ತಿತ್ತೇ? ಬಹುಶಃ ಇಲ್ಲ. ಇಂಡಿಗೊ, ಸ್ಪೈಸ್‌ಜೆಟ್, ಗೋಏರ್ ಆಗ ಬೆಳೆಯುತ್ತಿದ್ದವು, ಆಯೋಗ ಅವುಗಳನ್ನು ತೋರಿಸಿ ಹಸಿರು ನಿಶಾನೆ ಕೊಡುತ್ತಿತ್ತು. ಆದರೆ ಎರಡೂ ಕಂಪನಿ ಹಾರುವ ಮಾರ್ಗಗಳ ಪಟ್ಟಿ ಮಾಡಬೇಕಾಗುತ್ತಿತ್ತು. ಯಾವ ಊರಿಗೆ ಬೇರೆ ವಿಮಾನವೇ ಇಲ್ಲ, ಎಚ್‌ಎಎಲ್‌ನಲ್ಲಿ ಬೆಳಗಿನ ಹೊತ್ತಿನ ಸ್ಲಾಟುಗಳಲ್ಲಿ (ವಿಮಾನ ಏರಿಳಿಯಲು ಗೊತ್ತುಪಡಿಸಿದ ಸಮಯಗಳಲ್ಲಿ) ಎಷ್ಟು ಒಬ್ಬರ ಕೈಸೇರುತ್ತವೆ ಎಂಬುದನ್ನು ಕಾಗದದ ಮೇಲೆ ಬರೆಯಬೇಕಾಗುತ್ತಿತ್ತು. ಬರೆದದ್ದನ್ನು ಆಮೇಲೆ ಹಿಡಿದು ಕೇಳಬಹುದು. ಬರೆಯದ್ದನ್ನು ಕೇಳಲು ಬರುವುದಿಲ್ಲ.

ಬೆಂಗಳೂರಿನ ಪೂರ್ವ ಭಾಗಕ್ಕೆ ಆ ಬೇಸಿಗೆಯಲ್ಲಿ ಇನ್ನೊಂದು ಪೆಟ್ಟೂ ಬಿದ್ದಿತ್ತು. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ತೆರೆಯಿತು, ಅದೇ ರಾತ್ರಿ ಎಚ್‌ಎಎಲ್ ನಿಲ್ದಾಣ ಸಾರ್ವಜನಿಕ ವಿಮಾನಗಳಿಗೆ ಮುಚ್ಚಿತು. ಎಚ್‌ಎಎಲ್‌ನ ಮೂಲ ನೋಡಿದರೆ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಮೈಸೂರು ಸಂಸ್ಥಾನವೇ ಜಮೀನು, ಬಂಡವಾಳ ಕೊಟ್ಟು ಕಟ್ಟಿದ ಕಾರ್ಖಾನೆ. ಊರವರಿಗೆ ಅದು ಸ್ವಂತದ್ದು. ನಿಲ್ದಾಣ ತುಂಬಿ ತುಳುಕುತ್ತಿತ್ತು, ಹೊಸದೊಂದು ಬೇಕೇ ಬೇಕಿತ್ತು, ಅದರಲ್ಲಿ ತಕರಾರಿಲ್ಲ. ತಕರಾರು ಹಳೆಯದನ್ನು ಮುಚ್ಚಲೇಬೇಕೆಂಬ ಷರತ್ತಿನ ಬಗ್ಗೆ. 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊಸ ನಿಲ್ದಾಣದ ಕಂಪನಿ ಬಿಐಎಎಲ್ ಜೊತೆ ಮಾಡಿಕೊಂಡ ಒಪ್ಪಂದದಲ್ಲೇ ಆ ಷರತ್ತಿತ್ತು; ಅದರ ಜೊತೆಗೆ, ನಿಲ್ದಾಣ ತೆರೆದು 25 ವರ್ಷ ಆಗುವವರೆಗೆ 150 ಕಿಲೋಮೀಟರ್ ಒಳಗೆ ಮೈಸೂರು, ಹಾಸನ ಬಿಟ್ಟು ಬೇರೆ ಹೊಸ ನಿಲ್ದಾಣ ಬರುವಂತಿಲ್ಲ. ಏರ್‌ಪೋರ್ಟ್ ಪ್ರಾಧಿಕಾರದ ನೌಕರರು ಮುಷ್ಕರ ಹೂಡಿದರು, ಹೈಕೋರ್ಟ್‌ಗೆ ಅರ್ಜಿಗಳು ಹೋದವು. ಒಪ್ಪಂದ ಒಪ್ಪಂದವೇ ಎಂದಾಯಿತು.

ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೇ ಕೊನೆಯಲ್ಲಿ ಹಳೆಯ ನಿಲ್ದಾಣ ಹೋಯಿತು. ಜೂನ್‌ನಲ್ಲಿ ಅಗ್ಗದ ವಿಮಾನ ಕಂಪನಿ ಹೋಯಿತು. ಹಲಸೂರಿನಿಂದ ಆಟೊದಲ್ಲಿ ಹೋಗಿ ಕಡಿಮೆ ದರದ ವಿಮಾನ ಹಿಡಿಯುತ್ತಿದ್ದವನಿಗೆ ನೆಲದ ಮೇಲಿನ ಆಯ್ಕೆಯೂ ಆಕಾಶದ ಆಯ್ಕೆಯೂ ಕೆಲವೇ ವಾರಗಳ ಅಂತರದಲ್ಲಿ ಕೈತಪ್ಪಿದವು. ಎರಡೂ ಸಂಪೂರ್ಣ ಕಾನೂನುಬದ್ಧ. ಎರಡಕ್ಕೂ ಸರ್ಕಾರದ ಮುದ್ರೆ. ವಿಮಾನದ ಟಿಕೆಟ್ಟಿಗಿಂತ ಏರ್‌ಪೋರ್ಟಿನ ಟ್ಯಾಕ್ಸಿಯೇ ದುಬಾರಿ ಎಂದು ಕೆ.ಆರ್. ಪುರದ ಜನ ಗೊಣಗುವುದು ಅಂದಿನಿಂದ ಶುರುವಾಯಿತು. ಅಲ್ಲಿಂದ ಹೆಬ್ಬಾಳದ ಮೂಲಕ ನಿಲ್ದಾಣಕ್ಕೆ ಹೋಗುವ ಮೆಟ್ರೊದ ಕಂಬಗಳು ಎದ್ದಿದ್ದು ಎಷ್ಟೋ ವರ್ಷಗಳ ನಂತರ.

ಈಗಿನ ಸಂಗತಿಗೆ ಬರೋಣ. ಟಾಟಾ ಸಮೂಹ 2022ರ ಜನವರಿಯಲ್ಲಿ ಏರ್ ಇಂಡಿಯಾವನ್ನು ವಶಕ್ಕೆ ಪಡೆಯಿತು. ಏರ್‌ಏಷ್ಯಾ ಇಂಡಿಯಾದಲ್ಲಿ ಅದಕ್ಕೆ ಆಗಲೇ ದೊಡ್ಡ ಪಾಲಿತ್ತು. ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡ ಕಂಪನಿ ಅದು. 2014ರ ಜೂನ್ 12ರಂದು ಅದರ ಮೊದಲ ವಿಮಾನ ಹಾರಿದ್ದೂ ಬೆಂಗಳೂರಿನಿಂದ ಗೋವಾಕ್ಕೆ. ಅದನ್ನು ಪೂರ್ತಿ ಏರ್ ಇಂಡಿಯಾಗೆ ಸೇರಿಸಿಕೊಳ್ಳಲು ಸ್ಪರ್ಧಾ ಆಯೋಗ 2022ರ ಜೂನ್‌ನಲ್ಲಿ ಒಪ್ಪಿತು, 2024ರ ಅಕ್ಟೋಬರ್ 1ರಂದು ಅದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಕರಗಿತು. ಸಿಂಗಪುರ ಏರ್‌ಲೈನ್ಸ್ ಪಾಲುದಾರನಾಗಿದ್ದ ವಿಸ್ತಾರದ ವಿಷಯ ತುಸು ಗಡಸಾಗಿತ್ತು. ಈ ವಿಲೀನವನ್ನು ಆಳವಾಗಿ ತನಿಖೆ ಮಾಡಬಾರದೇಕೆ ಎಂದು ಆಯೋಗ 2023ರ ಜೂನ್‌ನಲ್ಲಿ ನೋಟಿಸ್ ಕೊಟ್ಟಿತು. ಕಂಪನಿಗಳು ಕೆಲವು ಬದ್ಧತೆಗಳನ್ನು ಮುಂದಿಟ್ಟವು. ಸೆಪ್ಟೆಂಬರ್ 1ರಂದು ಒಪ್ಪಿಗೆ ಸಿಕ್ಕಿತು. ಬಳಿಕ ಚಂಡೀಗಡದ ಕಂಪನಿ ಕಾನೂನು ನ್ಯಾಯಮಂಡಳಿ, ಸಿಂಗಪುರ ಏರ್‌ಲೈನ್ಸ್‌ನ ಹೂಡಿಕೆಗೆ ಕೇಂದ್ರದ ಅನುಮತಿ, 2024ರ ನವೆಂಬರ್ 12ಕ್ಕೆ ವಿಲೀನ ಪೂರ್ಣ. ಶೇ 25.1ರಷ್ಟು ಪಾಲು ಸಿಂಗಪುರ ಏರ್‌ಲೈನ್ಸ್‌ಗೆ.

2008ಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ, ಒಪ್ಪಿಕೊಳ್ಳಬೇಕು. ಒಬ್ಬರಾದರೂ ಸ್ಪರ್ಧೆಯ ಬಗ್ಗೆ ನೋಟಿಸ್ ಕಳಿಸಿದರು. ಆದರೆ ಸಾರ್ವಜನಿಕರ ಆಕ್ಷೇಪಣೆ ಕೇಳುವ ಅವಕಾಶ ಕಾಯ್ದೆಯಲ್ಲಿ ಇರುವುದು ಎರಡನೇ ಹಂತದ ತನಿಖೆಯಲ್ಲಿ. ವಿಷಯ ಆ ಹಂತ ಮುಟ್ಟುವ ಮೊದಲೇ ಬದ್ಧತೆಗಳ ಮೇಲೆ ಮುಗಿಯಿತು. ವಿಲೀನವೊಂದನ್ನು ಆಯೋಗ ನೇರವಾಗಿ ‘ಸಾಧ್ಯವಿಲ್ಲ’ ಎಂದು ವಾಪಸ್ ಕಳಿಸಿದ ಉದಾಹರಣೆ 2011ರಿಂದ ಈಚೆಗೆ ಇಲ್ಲ. ಅದರ ಆದೇಶಗಳ ಸಾರ್ವಜನಿಕ ಪ್ರತಿಗಳಲ್ಲಿ ವ್ಯಾಪಾರ ರಹಸ್ಯದ ಹೆಸರಿನಲ್ಲಿ ಅಂಕಿಅಂಶ ಮುಚ್ಚಿಡುವುದು ರೂಢಿ. ಹಲಸೂರಿನ ಪ್ರಯಾಣಿಕನಿಗೆ ಬೇಕಾದ್ದು ಹೆಚ್ಚಾಗಿ ಆ ಮುಚ್ಚಿಟ್ಟ ಸಾಲುಗಳಲ್ಲೇ ಇರುತ್ತದೆ.

ಸಿಂಗಪುರದವರು ಇದೇ ವಿಲೀನವನ್ನು ಹೇಗೆ ನೋಡಿದರು ಎಂಬುದನ್ನು ಗಮನಿಸಿ. ಅಲ್ಲಿನ ಸ್ಪರ್ಧಾ ಆಯೋಗ ಕಂಪನಿಗಳ ಬದ್ಧತೆಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. 2024ರ ಮಾರ್ಚ್‌ನಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಾಗ ಮಾರ್ಗಗಳನ್ನು ಹೆಸರು ಹಿಡಿದು ಹೇಳಿತು: ಸಿಂಗಪುರದಿಂದ ದೆಹಲಿ, ಮುಂಬೈ, ಚೆನ್ನೈ, ತಿರುಚಿರಾಪಳ್ಳಿ. ಈ ನಾಲ್ಕರಲ್ಲೂ ಸೀಟುಗಳ ಸಂಖ್ಯೆ ಕೋವಿಡ್‌ಗಿಂತ ಮುಂಚಿನ ಮಟ್ಟಕ್ಕೆ ಇರಬೇಕು, ಪಾಲನೆಯಾಗುತ್ತಿದೆಯೇ ಎಂದು ನೋಡಲು ಸ್ವತಂತ್ರ ಲೆಕ್ಕಪರಿಶೋಧಕ ಇರಬೇಕು. ಪಟ್ಟಿಯಲ್ಲಿ ಬೆಂಗಳೂರು ಇಲ್ಲ. ಅದಕ್ಕೆ ಅವರದೇ ಲೆಕ್ಕಾಚಾರ ಇದ್ದೀತು. ಆದರೆ ಇಲ್ಲ ಎಂಬುದು ಇಂದಿರಾನಗರದಲ್ಲಿ ಕುಳಿತವರಿಗೂ ತಿಳಿಯುತ್ತದೆ, ಏಕೆಂದರೆ ಅವರು ಪಟ್ಟಿ ಮಾಡಿ ಎಲ್ಲರ ಮುಂದೆ ಇಟ್ಟರು.

ವಿಲೀನಗಳನ್ನು ತಡೆದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಅಮೆರಿಕದಲ್ಲಿ ಜೆಟ್‌ಬ್ಲೂ ಕಂಪನಿ 3.8 ಬಿಲಿಯನ್ ಡಾಲರ್‌ಗೆ ಅಗ್ಗದ ದರದ ಸ್ಪಿರಿಟ್ ಅನ್ನು ಕೊಳ್ಳಹೊರಟಾಗ ಬೋಸ್ಟನ್‌ನ ನ್ಯಾಯಾಧೀಶರು 2024ರ ಜನವರಿಯಲ್ಲಿ ತಡೆದರು. ಬಡ ಪ್ರಯಾಣಿಕನಿಗೆ ತೊಂದರೆಯಾಗುತ್ತದೆ ಎಂಬುದು ತೀರ್ಪಿನ ಸಾರ. ಅದೇ ವರ್ಷದ ನವೆಂಬರ್‌ನಲ್ಲಿ ಸ್ಪಿರಿಟ್ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲೂ ಜೆಟ್ 2019ರಲ್ಲಿ ನಿಂತದ್ದು, ಗೋ ಫಸ್ಟ್ (ಹಿಂದಿನ ಗೋಏರ್) 2023ರ ಮೇನಲ್ಲಿ ನಿಂತದ್ದು ವಿಲೀನದಿಂದಲ್ಲ. ಸಾಯುವ ಕಂಪನಿಯನ್ನು ಬಲವಂತದಿಂದ ಒಂಟಿಯಾಗಿ ಬದುಕಿಸಲು ಆಗುವುದಿಲ್ಲ. ಇದಕ್ಕೆ ನಡುದಾರಿಯೊಂದಿದೆ. ಕೊರಿಯನ್ ಏರ್ ಮತ್ತು ಏಷಿಯಾನಾ ಒಂದಾಗಲು 2020ರಿಂದ 2024ರವರೆಗೆ ಕಾದವು. ಐರೋಪ್ಯ ಒಕ್ಕೂಟ ಸುಮ್ಮನೆ ಒಪ್ಪಲಿಲ್ಲ. ಏಷಿಯಾನಾದ ಸರಕು ವಿಭಾಗವನ್ನು ಮಾರಿ ಎಂದಿತು, ಪ್ಯಾರಿಸ್, ರೋಮ್, ಬಾರ್ಸಿಲೋನಾ, ಫ್ರಾಂಕ್‌ಫರ್ಟ್ ಮಾರ್ಗಗಳಲ್ಲಿ ಟಿವೇ ಎಂಬ ಸಣ್ಣ ಕಂಪನಿ ಕಾಲೂರಲು ನೆರವಾಗಿ ಎಂದಿತು. ದೊಡ್ಡವರು ಸೇರಿಕೊಳ್ಳಬೇಕಾದರೆ ಸಣ್ಣವನೊಬ್ಬನಿಗೆ ಜಾಗ ಬಿಡಬೇಕು, ಇದು ಒಕ್ಕೂಟದ ನಿಲುವು.

ನಮ್ಮಲ್ಲಿ ಆ ಸಣ್ಣವನು ಎಷ್ಟು ಸಣ್ಣವನಾಗಿದ್ದಾನೆ ಎಂಬುದು 2025ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೊ ಸಿದ್ಧವಾಗಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಬೆಂಗಳೂರಿನ ಟರ್ಮಿನಲ್ ನೆಲದ ಮೇಲೆ ಜನ ಮಲಗಿದರು. ದೇಶೀ ಮಾರುಕಟ್ಟೆಯ ಶೇ 60ಕ್ಕೂ ಹೆಚ್ಚು ಒಂದೇ ಕಂಪನಿಯ ಕೈಯಲ್ಲಿ, ಕಾಲು ಭಾಗಕ್ಕಿಂತ ಹೆಚ್ಚು ಏರ್ ಇಂಡಿಯಾ ಸಮೂಹದ ಕೈಯಲ್ಲಿ. ಮೊದಲನೆಯದು ಕುಸಿದರೆ ಎರಡನೆಯದರಲ್ಲಿ ಸೀಟಿಲ್ಲ, ಇದ್ದರೆ ಬೆಲೆ ಆಕಾಶದಲ್ಲಿ. ಕೊನೆಗೆ ಸರ್ಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,500 ಕಿಲೋಮೀಟರ್ ದಾಟಿದರೆ 18,000. ಮುಕ್ತ ಮಾರುಕಟ್ಟೆಯ ಹೆಸರಿನಲ್ಲಿ ಎಲ್ಲ ವಿಲೀನಗಳಿಗೂ ಒಪ್ಪಿಗೆ ಕೊಟ್ಟ ಸರ್ಕಾರ, ಬಸ್ ಟಿಕೆಟ್ಟಿನಂತೆ ವಿಮಾನದ ದರ ನಿಗದಿ ಮಾಡಿತು. ಸ್ಪರ್ಧೆಯನ್ನು ಮೊದಲು ಕಾಯದಿದ್ದರೆ ಆಮೇಲೆ ಕಾಯುವುದು ಹೀಗೆ.

ಏರ್ ಇಂಡಿಯಾ, ವಿಸ್ತಾರ, ಏರ್‌ಏಷ್ಯಾ ಇಂಡಿಯಾ, ಇಂಡಿಗೊ, ಸ್ಪೈಸ್‌ಜೆಟ್, ಗೋ ಫಸ್ಟ್: ಕೆಲವೇ ವರ್ಷಗಳ ಹಿಂದೆ ಬೆಂಗಳೂರಿನ ಬೋರ್ಡಿನ ಮೇಲೆ ಮಿನುಗುತ್ತಿದ್ದ ಹೆಸರುಗಳು. ಮೊದಲ ಮೂರು ಈಗ ಒಂದೇ ಮನೆಯವು, ಕೊನೆಯದು ಇಲ್ಲ, ಸ್ಪೈಸ್‌ಜೆಟ್ ಸೊರಗಿದೆ. 2022ರಲ್ಲಿ ಬಂದ ಆಕಾಶ ಏರ್ ಒಂದೇ ದೊಡ್ಡ ಹೊಸ ಸೇರ್ಪಡೆ. ಮುಂದೆ ಯಾವುದಾದರೂ ಸಣ್ಣ ಕಂಪನಿ ದೊಡ್ಡವರ ಮಡಿಲಿಗೆ ಬೀಳುವ ಅರ್ಜಿ ಬಂದರೆ ಆಶ್ಚರ್ಯವಿಲ್ಲ. ಆಗ ಆಯೋಗ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಎರಡೂ ಕಂಪನಿ ಹಾರುವ ಮಾರ್ಗಗಳನ್ನೂ ಒಪ್ಪಿಕೊಂಡ ಬದ್ಧತೆಗಳನ್ನೂ ಹೆಸರು ಸಮೇತ ಪ್ರಕಟಿಸಲಿ. ಎರಡನೇ ಹಂತ ಬಾರದಿದ್ದರೂ ಬದ್ಧತೆಗಳ ಬಗ್ಗೆ ಜನರ ಅಭಿಪ್ರಾಯ ಕೇಳಲಿ; ಸಿಂಗಪುರ ಕೇಳಿ ಏನನ್ನೂ ಕಳೆದುಕೊಳ್ಳಲಿಲ್ಲ. ಬೆಳಗಿನ, ಸಂಜೆಯ ಸ್ಲಾಟುಗಳಲ್ಲಿ ಒಂದಿಷ್ಟನ್ನು ಹೊಸಬರಿಗೆ ಬಿಡಿಸಿಕೊಡಲಿ.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಕರ್ನಾಟಕ ರಾಜ್ಯ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮದ ಮೂಲಕ ಅದು ಬಿಐಎಎಲ್‌ನಲ್ಲಿ ಶೇ 13ರ ಪಾಲುದಾರ, ಆದ್ದರಿಂದ ನಿಲ್ದಾಣದ ಆದಾಯದ ಮೇಲೆ ಅದಕ್ಕೆ ಕಣ್ಣಿರುವುದು ಸಹಜ. ಪ್ರಯಾಣಿಕನ ಪರವಾಗಿ ಸ್ಪರ್ಧಾ ಆಯೋಗದ ಮುಂದೆ ಗಟ್ಟಿಯಾಗಿ ನಿಲ್ಲುವುದು ಮಾತ್ರ ಇದುವರೆಗೆ ಅದರ ಅಭ್ಯಾಸವಾಗಿಲ್ಲ. ಎರಡನೇ ನಿಲ್ದಾಣಕ್ಕೆ ಜಾಗ ಹುಡುಕುವ, ಹೊಸೂರಿನಲ್ಲಿ ನಿಲ್ದಾಣ ಕಟ್ಟುತ್ತೇವೆನ್ನುವ ತಮಿಳುನಾಡಿಗೆ ಉತ್ತರ ಕೊಡುವ ಉತ್ಸಾಹದಲ್ಲಿ ಒಂದು ಪಾಲನ್ನು ಇದಕ್ಕೂ ಮೀಸಲಿಟ್ಟರೆ ಸಾಕು. ದೇವನಹಳ್ಳಿಯ ಒಪ್ಪಂದದ 150 ಕಿಲೋಮೀಟರ್ ಷರತ್ತು 2033ರ ಮೇ ತನಕ ಇರುತ್ತದೆ. ಮುಂದಿನ ವಿಲೀನದ ಅರ್ಜಿ ಬಂದಾಗ ಬೆಂಗಳೂರಿನ ಮಾರ್ಗಗಳ ಲೆಕ್ಕ ಹಿಡಿದು ದೆಹಲಿಗೆ ಹೋಗಿ ಆಕ್ಷೇಪಣೆ ಸಲ್ಲಿಸಲು ಕರ್ನಾಟಕಕ್ಕೆ ಯಾವ ಒಪ್ಪಂದದ ಅಡ್ಡಿಯೂ ಇಲ್ಲ.